ತೆಂಗಿನ ನುಸಿಯೂ ಗೊಬ್ಬರದ ಗುಂಡಿಯ ನುಸಿಯೂ

ಪ್ರಶ್ನೆ: ನಮ್ಮ ತೋಟದ ತೆಂಗಿನಕಾಯಿಗಳು ತೊಟ್ಟಿನ ಕೆಳಗೆ ಕಂದುಗಟ್ಟಿ, ಬಿರಿದು, ಗಾತ್ರದಲ್ಲಿ ಸಣ್ಣದಾಗುತ್ತಿವೆ. ಇದು ನುಸಿ ಪೀಡೆ ಎನ್ನುತ್ತಾರೆ. ಗೊಬ್ಬರದ ಗುಂಡಿಯಲ್ಲಿಯೂ ನುಸಿಗಳಿವೆ. ಎಲ್ಲವನ್ನೂ ಒಟ್ಟಿಗೆ ಕೊಲ್ಲುವ ಔಷಧವಿದೆಯೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಂತಹ ಔಷಧವನ್ನು ಹುಡುಕದಿರುವುದೇ ಒಳ್ಳೆಯದು, ಏಕೆಂದರೆ ನೀವು ಹೇಳಿರುವ ಎರಡು ಬಗೆಯ ನುಸಿಗಳ ಕೆಲಸ ಪರಸ್ಪರ ತೀರಾ ಭಿನ್ನವಾದುದು.

ನುಸಿಗಳು ಕೀಟಗಳಲ್ಲ, ಜೇಡ ಮತ್ತು ಉಣ್ಣಿಗಳ ಬಳಗಕ್ಕೆ ಸೇರಿದವು. ಸಾಮಾನ್ಯವಾಗಿ ಬೆಳೆದ ನುಸಿಗೆ ಎಂಟು ಕಾಲುಗಳಿದ್ದರೆ, ತೆಂಗಿನ ನುಸಿಗೆ ನಾಲ್ಕೇ ಕಾಲುಗಳು. ಸುಮಾರು 0.2 ಮಿ.ಮೀ. ಉದ್ದದ, ಹುಳುವಿನಂತೆ ನೀಳವಾದ ಈ ಜೀವಿ ಬರಿಗಣ್ಣಿಗೆ ಕಾಣುವುದಿಲ್ಲ. ಮೆಕ್ಸಿಕೊದ ಗೆರೆರೊ ರಾಜ್ಯದ ಮಾದರಿಗಳಿಂದ 1965ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಇದು, ಭಾರತದಲ್ಲಿ ಮೊದಲು ಕಾಣಿಸಿದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಗಾಳಿಯೇ ಇದರ ವಾಹನವಾದ್ದರಿಂದ ಕರ್ನಾಟಕದ ತೋಟಗಳನ್ನು ತಲುಪಲು ಹೆಚ್ಚು ಕಾಲ ಹಿಡಿಯಲಿಲ್ಲ.

ಹರಳಿನ, ಅಂದರೆ ಎಳೆಗಾಯಿಯ, ತೊಟ್ಟಿನ ತುದಿಯನ್ನು ಟೋಪಿಯಂತೆ ಮುಚ್ಚಿರುವ ಎಸಳುಗಳ ಅಡಿಯಲ್ಲಿ ನುಸಿಗಳು ಗುಂಪುಗೂಡಿ ಎಳೆಯ ಭಾಗದ ರಸ ಹೀರುತ್ತವೆ. ಎಸಳಿನಂಚಿನ ಕೆಳಗೆ ಮೊದಲು ಮಾಸಲು ಹಳದಿಯ ತ್ರಿಕೋನಾಕಾರದ ಮಚ್ಚೆ ಮೂಡಿ, ಕಾಯಿ ಬೆಳೆದಂತೆ ಅದು ಕಂದಾಗಿ, ಉದ್ದುದ್ದ ಬಿರಿಯುತ್ತದೆ. ಕೆಲವೊಮ್ಮೆ ಅಂಟು ಒಸರುತ್ತದೆ. ಸಿಪ್ಪೆ ಗಟ್ಟಿಯಾಗಿ ಸುಲಿಯುವುದು ಕಷ್ಟವಾಗುವುದಲ್ಲದೆ, ನಾರಿನ ಗುಣಮಟ್ಟವೂ ಕೊಬ್ಬರಿಯ ತೂಕವೂ ಇಳಿಯುತ್ತವೆ. ಕೊಬ್ಬರಿಯನ್ನೇ ನೆಚ್ಚಿದ ನಿಮ್ಮ ಸೀಮೆಗೆ ನಿಜವಾದ ಪೆಟ್ಟು ಇದೇ.

ಗೊಬ್ಬರದ ಗುಂಡಿಯ ನುಸಿಗಳಲ್ಲಿ ಹೆಚ್ಚಿನವು ಕೊಳೆಯುತ್ತಿರುವ ಎಲೆ, ಬೂಷ್ಟುಗಳನ್ನು ತಿಂದು ಬದುಕುವಂಥವು. ಅವು ತರಗನ್ನು ಪುಡಿಗುಟ್ಟುವುದರಿಂದಲೇ ಸೂಕ್ಷ್ಮಾಣುಗಳ ಕೆಲಸ ಹಗುರವಾಗಿ, ಪೋಷಕಾಂಶಗಳು ಮಣ್ಣಿಗೆ ಮರಳುತ್ತವೆ. ಅವನ್ನು ಹಾಗೆಯೇ ಬಿಡಿ. ಇನ್ನು ಮೂರನೆಯ ಗುಂಪೊಂದಿದೆ: ನುಸಿಯನ್ನೇ ತಿನ್ನುವ ಪರಭಕ್ಷಕ ನುಸಿ. ತೆಂಗಿನ ಎಸಳಿನಡಿ ನುಸುಳಿ ಬೇಟೆಯಾಡುವ ಇವುಗಳನ್ನು ಕಠಿಣ ಕೀಟನಾಶಕಗಳು ಮೊದಲು ಬಲಿ ತೆಗೆದುಕೊಳ್ಳುತ್ತವೆ, ಆದರೆ ಮರೆಯಲ್ಲಿರುವ ಪೀಡೆಯ ನುಸಿ ಬಹುಪಾಲು ಉಳಿದುಬಿಡುತ್ತದೆ. ಮೆಣಸಿನಕಾಯಿ, ಹತ್ತಿ ಮುಂತಾದ ಬೆಳೆಗಳಲ್ಲಿಯೂ ಪೈರೆಥ್ರಾಯ್ಡ್ ಎಂಬ ಬಗೆಯ ಕೆಲವು ಕೀಟನಾಶಕಗಳನ್ನು ಮತ್ತೆ ಮತ್ತೆ ಸಿಂಪಡಿಸಿದಲ್ಲಿ ನುಸಿ ಉಲ್ಬಣಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಬೇವಿನೆಣ್ಣೆ, ಬೆಳ್ಳುಳ್ಳಿ ಮತ್ತು ಸೋಪಿನ ಶೇ. 2ರ ಮಿಶ್ರಣವನ್ನು ಎಳೆಯ ಗೊನೆಗಳಿಗೆ, ಎಸಳಿನ ಅಂಚು ತೋಯುವಂತೆ ಸಿಂಪಡಿಸಿ. ಉದುರಿದ ಹರಳುಗಳನ್ನು ಆರಿಸಿ ಸುಟ್ಟುಬಿಡಿ. ಮರಕ್ಕೆ ಗೊಬ್ಬರ, ಪೊಟ್ಯಾಷ್ ಮತ್ತು ಬೇಸಿಗೆಯ ನೀರಿನಲ್ಲಿ ಕೊರತೆ ಮಾಡಬೇಡಿ. ಈಗಾಗಲೇ ಕಂದಾಗಿರುವ ಕಾಯಿಯ ಮಚ್ಚೆ ಯಾವ ಸಿಂಪಡಣೆಯಿಂದಲೂ ಮಾಯುವುದಿಲ್ಲವಾದ್ದರಿಂದ, ಫಲಿತಾಂಶವನ್ನು ಮುಂದಿನ ಹೊಂಬಾಳೆಗಳ ಕಾಯಿಗಳಲ್ಲಿ ನೋಡಬೇಕು.