ಹಿತ್ತಿಲ ಕೋಳಿ: ಓದುಗರ ಪ್ರಶ್ನೆಗೆ ಉತ್ತರ

ಚಿಂತಾಮಣಿ ಕಡೆಯ ನಮ್ಮ ಹಿತ್ತಿಲಲ್ಲಿ ಈಗ 14 ನಾಟಿ, 3 ಗಿರಿರಾಜ ತಳಿಯ ಕೋಳಿ, 5 ಬಾತು, 4 ಗಿನಿ ಕೋಳಿ ಇವೆ. ಈ ಸಲ ಬಂದ ಕಾಗದಗಳಲ್ಲಿ ಮರಿ ಮಾಡಿಸುವ ಪ್ರಶ್ನೆಯೇ ಜಾಸ್ತಿ. ಅದಕ್ಕೇ ಮೊದಲ ಜಾಗ.

ಪ್ರಶ್ನೆ: ಅಕ್ಕಾ, ಕಾವಿಗೆ ಕೂತ ನಾಟಿ ಹೇಂಟೆ ಕೆಳಗೆ 8 ಕೋಳಿ ಮೊಟ್ಟೆ, 4 ಬಾತು ಮೊಟ್ಟೆ ಒಟ್ಟಿಗೇ ಇಟ್ಟಿದ್ದೆ. 7 ಪಿಳ್ಳೆ ಬಂದವು. ಹೇಂಟೆ ಅವನ್ನು ಕರ್ಕೊಂಡು ಎದ್ದು ಹೋಯ್ತು. ಬಾತು ಮೊಟ್ಟೆ ಒಂದೂ ಒಡೆಯಲಿಲ್ಲ. ಮೊಟ್ಟೆ ಕೆಟ್ಟಿದ್ದವಾ?
– ಗುಬ್ಬಿಯ ಓದುಗರೊಬ್ಬರು

ಮೊಟ್ಟೆ ಕೆಟ್ಟಿರಲಿಲ್ಲ, ಲೆಕ್ಕ ತಪ್ಪಿತು ಅಷ್ಟೇ. ಕೋಳಿ ಮೊಟ್ಟೆಗೆ 21 ದಿನ ಕಾವು ಬೇಕು. ಬಾತು ಮೊಟ್ಟೆಗೆ 28. ಗಿನಿ ಕೋಳಿಗೆ 26ರಿಂದ 28. ಪಿಳ್ಳೆಗಳು ಕಿಚಕಿಚ ಅಂದ ಮೇಲೆ ಹೇಂಟೆಗೆ ಬಾಕಿ ಮೊಟ್ಟೆಯ ನೆನಪು ಇರುವುದಿಲ್ಲ. ಮರಿ ಹಿಂದೆ ಎದ್ದೇ ಏಳುತ್ತದೆ. ಇನ್ನೊಂದು ವಾರ ಕೂತಿದ್ದರೆ ನಿಮಗೆ ಬಾತು ಮರಿಯೂ ಸಿಗುತ್ತಿದ್ದವು.

ಮುಂದಿನ ಸಲ ಬಾತು ಮೊಟ್ಟೆ ಮೊದಲು ಇಡಿ. ಏಳು ದಿನ ಬಿಟ್ಟು, ಕತ್ತಲಾದ ಮೇಲೆ, ಕೋಳಿ ಮೊಟ್ಟೆ ಸೇರಿಸಿ. ಆಗ ಎಲ್ಲಾ ಒಂದೇ ಹೊತ್ತಿಗೆ ಒಡೆಯುತ್ತವೆ. ನಾನು ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು ಬರೆಯುತ್ತೇನೆ. ಇಲ್ಲದಿದ್ದರೆ ಪಕ್ಕದ ಹೇಂಟೆ ಬಂದು ಅದೇ ಪುಟ್ಟಿಯಲ್ಲಿ ಹೊಸ ಮೊಟ್ಟೆ ಇಟ್ಟು ಹೋಗುತ್ತದೆ, ಯಾವುದು ಯಾವಾಗಿನದು ಗೊತ್ತಾಗುವುದಿಲ್ಲ. ಇಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಬಾರದು. ತೊಳೆಯಲೂ ಬಾರದು.

28 ದಿನ ಕೂರುವ ಹೇಂಟೆ ಸೊರಗಿ ಹೋಗುತ್ತದೆ. ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಎಬ್ಬಿಸಿ. ಕೈಗೆಟಕುವ ದೂರದಲ್ಲಿ ರಾಗಿ, ಮೆಕ್ಕೆಜೋಳದ ನುಚ್ಚು, ನೀರು ಇರಲಿ. ಪುಟ್ಟಿಗೆ ಹುಲ್ಲಿನ ಕೆಳಗೆ ಒಂದು ಹಿಡಿ ಬೂದಿ ಹಾಕಿದರೆ ಹೇನಿನ ಕಾಟ ಕಡಿಮೆ. ಗಿರಿರಾಜವನ್ನು ಮಾತ್ರ ನಂಬಬೇಡಿ, ಅದಕ್ಕೆ ಕಾವಿನ ಗುಣ ಕಮ್ಮಿ. ಬಾತು ಮೊಟ್ಟೆ ದಪ್ಪ, ಹಾಗಾಗಿ ಸಣ್ಣ ನಾಟಿ ಹೇಂಟೆಗೆ ಎಲ್ಲಾ ಸೇರಿ 9 ಸಾಕು. ನಮ್ಮ ಅತ್ತೆ ಯಾವತ್ತೂ ಬೆಸ ಲೆಕ್ಕದಲ್ಲೇ ಇಡಿಸುವುದು, ಜೊತೆಗೆ ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಚೂರು. ನಾಲ್ಕು ಸಲ ಸಮ ಲೆಕ್ಕದಲ್ಲಿ ಇಟ್ಟು ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಆದರೂ 9 ಇಡುತ್ತೇನೆ. ಸುಮ್ನೆ ಮನೆಯಲ್ಲಿ ಮಾತು ಯಾಕೆ, ಅಲ್ವಾ?

ಬಾತು ಮರಿ ಬಂದ ಮೇಲೆ ಮೂರ್ನಾಲ್ಕು ವಾರ ತೊಟ್ಟಿಗೆ ಬಿಡಬೇಡಿ. ತುಪ್ಪುಳ ನೆನೆದು ಚಳಿ ಹಿಡಿಯುತ್ತದೆ. ಮೂಗು ಮುಳುಗುವಷ್ಟು ಆಳದ ನೀರು ಮಾತ್ರ ಕುಡಿಯಲು ಇರಬೇಕು. ದೊಡ್ಡದಾಗಿ ತೊಟ್ಟಿಗಿಳಿದ ದಿನ ಹೇಂಟೆ ದಡದಲ್ಲಿ ಕೂಗಾಡುವುದನ್ನು ನೋಡಿ. ನನಗೆ ಪ್ರತಿ ಸಲ ಪಾಪ ಅನ್ನಿಸುತ್ತದೆ.

ಪ್ರಶ್ನೆ: ಥರ್ಮಾಕೋಲ್ ಡಬ್ಬಿಗೆ ಎರಡು ಬಲ್ಬು, ಬಿಸಿ ಒಂದೇ ಮಟ್ಟದಲ್ಲಿಡುವ ಥರ್ಮೋಸ್ಟಾಟ್ ಹಾಕಿ 30 ಮೊಟ್ಟೆ ಇಟ್ಟೆ. 38 ಡಿಗ್ರಿ ಬಿಟ್ಟು ಕದಲಲಿಲ್ಲ. ಬಂದಿದ್ದು 6 ಮರಿ. ಉಳಿದವನ್ನು ಒಡೆದು ನೋಡಿದರೆ ಪೂರ್ತಿ ಬೆಳೆದ ಮರಿಗಳು ಒಳಗೇ ಸತ್ತಿದ್ದವು.
– ಮುಳಬಾಗಿಲಿನ ಯುವಕ

ಪೂರ್ತಿ ಬೆಳೆದಿದ್ದವು ಅಂದರೆ ಮೊದಲ 18 ದಿನ ನೀವು ಹೆಚ್ಚು ಕಡಿಮೆ ಸರಿಯಾಗಿಯೇ ಮಾಡಿದ್ದೀರಿ. ಎಡವಿದ್ದು ಬಹುಶಃ ಕೊನೆಯ ಮೂರು ದಿನದಲ್ಲಿ. ಒಂದು ಕೇಳಲಾ? 20ನೇ ದಿನ ಮುಚ್ಚಳ ಎಷ್ಟು ಸಲ ತೆಗೆದಿರಿ?

ನನ್ನ ಮೊದಲ ಡಬ್ಬಿಯ ಕಥೆ ಹೇಳುತ್ತೇನೆ. ಟೊಮೆಟೊ ಕ್ರೇಟ್‌ಗೆ ಥರ್ಮಾಕೋಲ್ ಹಾಳೆ ಅಂಟಿಸಿ ಮಾಡಿದ್ದು. ಮೊದಲ ಮೊಟ್ಟೆ ಬಿರುಕು ಬಿಟ್ಟ ರಾತ್ರಿ ಯಜಮಾನರಿಗೆ ತೋರಿಸಲು ಒಮ್ಮೆ ತೆಗೆದೆ. ಪಕ್ಕದ ಮನೆ ಮಕ್ಕಳಿಗೆ ಒಮ್ಮೆ. ನಿದ್ದೆ ಬಾರದೆ ಇನ್ನೂ ನಾಲ್ಕು ಸಲ. ಪ್ರತಿ ಸಲವೂ ಒಳಗಿನ ಹಸಿ ಗಾಳಿ ಹೊರಗೆ ಹೋಯಿತು. ಬೆಳಗ್ಗೆ ಒಂದು ಮೊಟ್ಟೆ ಕೈಯಲ್ಲಿ ಹಿಡಿದು ನೋಡಿದೆ. ಓಡಿನಲ್ಲಿ ಕಡಲೆ ಕಾಳಿನಷ್ಟು ತೂತು. ಒಳಗಿನ ಪೊರೆ ಹಪ್ಪಳದ ಹಾಗೆ ಒಣಗಿ ಮರಿಯ ಕೊಕ್ಕಿಗೂ ತುಪ್ಪುಳಕ್ಕೂ ಅಂಟಿಕೊಂಡಿತ್ತು. ಮರಿಗೆ ತಿರುಗಲು ಆಗದೆ ಹಾಗೇ ಹೋಗಿತ್ತು.

ಮೊದಲ 18 ದಿನ ತೇವಾಂಶ ಶೇಕಡಾ 50ರಿಂದ 55 ಇದ್ದರೆ ಸಾಕು. ಅಲ್ಲಿಯವರೆಗೆ ದಿನಕ್ಕೆ ಮೂರು ಸಲವಾದರೂ ಮೊಟ್ಟೆ ತಿರುಗಿಸಿ. 18ನೇ ದಿನ ತಿರುಗಿಸುವುದು ನಿಲ್ಲಿಸಿ. ಇನ್ನೊಂದು ತಟ್ಟೆ ನೀರು, ಅದರಲ್ಲಿ ಒಂದು ಸ್ಪಂಜು ಇಟ್ಟು 65ರಿಂದ 70ಕ್ಕೆ ಏರಿಸಿ ಮುಚ್ಚಿಬಿಡಿ. ನೋಡುವ ಆಸೆ ತಡೆಯದಿದ್ದರೆ ಮುಚ್ಚಳ ಕೊಯ್ದು ಒಂದು ಗಾಜಿನ ತುಂಡು ಕೂರಿಸಿ. ಈಗ ನನ್ನ ಡಬ್ಬಿಗೆ ಹಳೇ ಫೋಟೋ ಫ್ರೇಮಿನ ಗಾಜಿದೆ.

ಇನ್ನು 38 ಡಿಗ್ರಿಯ ವಿಷಯ. ಥರ್ಮೋಸ್ಟಾಟಿನ ತಂತಿ ಎಲ್ಲಿ ನೇತಾಡುತ್ತಿತ್ತು? ಅದರ ತುದಿ ಮೊಟ್ಟೆಯ ಮಟ್ಟಕ್ಕೇ ಇರಬೇಕು, ಮುಚ್ಚಳದ ಹತ್ತಿರ ಅಲ್ಲ. ಫ್ಯಾನ್ ಇಲ್ಲದ ಡಬ್ಬಿಯಲ್ಲಿ ಮೇಲೆ ಒಂದು ಬಿಸಿ, ಕೆಳಗೆ ಒಂದು ಬಿಸಿ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಹಾಕಿ, 37.5ಕ್ಕೆ ನಿಲ್ಲಿಸಿ. ಬಲ್ಬು ಎಲ್ಇಡಿ ಆದರೆ ಕಾವು ಸಾಲದು, ಹಳೇ ತಂತಿ ಬಲ್ಬೇ ಬೇಕು. ಅದು ಥರ್ಮಾಕೋಲ್‌ಗೆ ತಾಗದ ಹಾಗೆ ನೋಡಿಕೊಳ್ಳಿ, ಬೆಂಕಿ ಹತ್ತುತ್ತದೆ. ಕರೆಂಟ್ ಹೋದರೆ ಡಬ್ಬಿ ಮೇಲೆ ಕಂಬಳಿ ಹೊದಿಸಿ ಸುಮ್ಮನಿರಿ. ಗಾಳಿ ತೂತು ಮಾತ್ರ ಪೂರ್ತಿ ಮುಚ್ಚಬೇಡಿ. ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ.

ಬಂದ 6 ಮರಿಗಳಿಗೆ ಬಲ್ಬು ಕಟ್ಟಿರುತ್ತೀರಿ. ಅಲ್ಲಿ ಥರ್ಮಾಮೀಟರ್‌ಗಿಂತ ಮರಿಯನ್ನು ನೋಡಿ. ಒಂದರ ಮೇಲೊಂದು ಗುಂಪಾದರೆ ಚಳಿ. ಬಲ್ಬಿನಿಂದ ದೂರ ಹೋಗಿ ಬಾಯಿ ತೆರೆದರೆ ಸೆಖೆ. ಅಲ್ಲಲ್ಲಿ ಹರಡಿ ಮಲಗಿದ್ದರೆ ಸರಿಯಾಗಿದೆ.

ಪ್ರಶ್ನೆ: ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಘಟಕದಿಂದ ರೇಷ್ಮೆ ಪ್ಯೂಪಾ (ಗೂಡಿನೊಳಗಿನ ಹುಳು) ತಂದು ಹಾಕುತ್ತಿದ್ದೇನೆ. ಕೋಳಿ ಚೆನ್ನಾಗಿ ತಿನ್ನುತ್ತವೆ, ಆದರೆ ಮೊಟ್ಟೆ ವಾಸನೆ ಅಂತ ಮನೆಯವರು ಮುಟ್ಟುತ್ತಿಲ್ಲ.
– ಶಿಡ್ಲಘಟ್ಟದ ಗೃಹಿಣಿ

ಪ್ಯೂಪಾದಲ್ಲಿ ಮಾಂಸಾಂಶ ಭರ್ತಿ, ಎಣ್ಣೆಯೂ ಭರ್ತಿ. ಆ ಎಣ್ಣೆ ಬೇಗ ಮುಗ್ಗುತ್ತದೆ, ವಾಸನೆ ಮೊಟ್ಟೆಗೆ ಇಳಿಯುತ್ತದೆ. ಹಸಿಯದು ಬೇಡ. ಬಿಸಿಲಲ್ಲಿ ಗರಿಗರಿ ಒಣಗಿಸಿ ಪುಡಿ ಮಾಡಿ. ನಾನು ಹತ್ತು ಸೇರು ಮೇವಿಗೆ ಅರ್ಧ ಸೇರು ಮಾತ್ರ ಬೆರೆಸುತ್ತೇನೆ. ಉಳಿದದ್ದು ಮೆಕ್ಕೆಜೋಳ, ರಾಗಿ, ತೌಡು, ಕಡ್ಲೆಕಾಯಿ ಹಿಂಡಿ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ತಿಪ್ಪೆಗೆ ಹಾಕಿ. ಅದು ಕೋಳಿಗೆ ವಿಷ, ಬಾತಿಗಂತೂ ಇನ್ನೂ ಜಾಸ್ತಿ.

ಪ್ರಶ್ನೆ: ನಾಟಿ ಕೋಳಿ ಜೊತೆ ಎರಡು ಟರ್ಕಿ ಬಿಡಬಹುದಾ?
– ಶಿರಾದಿಂದ

ಬೇಡ. ಕೋಳಿ ಹೊಟ್ಟೆಯ ಜಂತುವಿನ ಮೊಟ್ಟೆಯಿಂದ ಟರ್ಕಿಗೆ ಒಂದು ರೋಗ ಅಂಟುತ್ತದೆ. ಕೋಳಿ ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತದೆ, ಟರ್ಕಿ ಸಾಯುತ್ತದೆ. ಬೇರೆ ಜಾಗ, ಬೇರೆ ನೆಲ ಇದ್ದರೆ ಮಾತ್ರ ತನ್ನಿ.

ಪ್ರಶ್ನೆ: ನಾಟಿ ಕೋಳಿಗೂ ಲಸಿಕೆ ಬೇಕಾ? ನಮ್ಮಲ್ಲಿರುವುದೇ 12 ಮರಿ.
– ಕುಣಿಗಲ್‌ನ ರೈತರು

ಬೇಕು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ನಾಟಿ, ಫಾರಂ ಅಂತ ಭೇದ ಇಲ್ಲ. ಒಮ್ಮೆ ಬೇಸಿಗೆಯಲ್ಲಿ ನಮ್ಮ ಗೂಡು ನಾಲ್ಕೇ ದಿನದಲ್ಲಿ ಖಾಲಿಯಾಯಿತು, ಕತ್ತು ತಿರುಚಿಕೊಂಡು ಬಿದ್ದವು. ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ ಈ ರೋಗದ ಲಸೋಟ ಲಸಿಕೆ, ನಾಲ್ಕನೇ ವಾರ ಮತ್ತೆ ಅದೇ. ಎಂಟನೇ ವಾರ ಅದೇ ರೋಗಕ್ಕೆ ಆರ್‌ಟುಬಿ ಅನ್ನುವ ಲಸಿಕೆಯ ಸೂಜಿ, ಅದನ್ನು ಪಶು ವೈದ್ಯರ ಕೈಯಲ್ಲೇ ಹಾಕಿಸಿ. ಸಣ್ಣ ಬಾಟಲಿಯೇ 100 ಮರಿಗೆ ಆಗುತ್ತದೆ, ಬೆರೆಸಿದ ಮೇಲೆ ಇಡಲು ಬರುವುದಿಲ್ಲ. ಅದಕ್ಕೆ ಬೀದಿಯವರೆಲ್ಲ ಒಂದೇ ದಿನ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಒಬ್ಬರು ಟೀ ಫ್ಲಾಸ್ಕಿಗೆ ಐಸ್ ತುಂಬಿಕೊಂಡು ಲಸಿಕೆ ತರುತ್ತಾರೆ, ಬೆಳಗ್ಗೆ ಗೂಡಿನ ಬಾಗಿಲು ತೆಗೆಯುವ ಮುಂಚೆ ಮನೆ ಮನೆಗೆ ಹೋಗಿ ಹನಿ ಹಾಕಿ ಮುಗಿಸುತ್ತೇವೆ.