ಚಿಕ್ಕಪ್ಪನ ಗಿಟಾರಿಗೆ ಹೊಸ ತೂತು ಬೇಡ

ಪ್ರಶ್ನೆ: ಚಿಕ್ಕಪ್ಪ ಕಾಲೇಜಿನಲ್ಲಿದ್ದಾಗ ನುಡಿಸುತ್ತಿದ್ದ ಎಲೆಕ್ಟ್ರಿಕ್ ಗಿಟಾರ್ ಈಗ ನನ್ನ ಕೈಗೆ ಬಂದಿದೆ. ಸ್ಟ್ರಾಟೊಕಾಸ್ಟರ್ ಮಾದರಿ. ಹತ್ತು ಮಳೆಗಾಲ ಅಟ್ಟದ ಮೇಲಿದ್ದು, ತಂತಿಗಳ ಬುಡ ಕೂರುವ ಲೋಹದ ಬ್ರಿಡ್ಜ್ ತುಕ್ಕು ಹಿಡಿದಿದೆ. ಹೊಸದು ಹಾಕೋಣ ಅಂದರೆ ನಮ್ಮೂರಿನ ಆಚಾರ್ರು ‘ಹಳೇ ತೂತು ಮುಚ್ಚಿ ಬೇರೆ ಕೊರೀತೀನಿ’ ಅಂತಾರೆ. ಚಿಕ್ಕಪ್ಪ ‘ಹೊಸ ತೂತು ಬಿದ್ದರೆ ಗಿಟಾರ್ ವಾಪಸ್ ಕೊಡು’ ಅಂತಾರೆ. ಏನು ಮಾಡಲಿ?
– ಓದುಗ, ತೀರ್ಥಹಳ್ಳಿ

ಉತ್ತರ: ನಾನು ಚಿಕ್ಕಪ್ಪನ ಕಡೆ. ಆಚಾರ್ರು ಅಂದವಾಗಿಯೇ ಕೊರೆಯಬಹುದು, ಆದರೆ ಆರೂ ತಂತಿಯ ಎಳೆತ ಬೀಳುವ ಜಾಗ ಅದು, ಸ್ವಲ್ಪ ಓರೆಯಾದರೆ ತಂತಿಗಳು ಫ್ರೆಟ್ ಬೋರ್ಡಿನ (ಬೆರಳಲ್ಲಿ ತಂತಿ ಒತ್ತುವ, ಲೋಹದ ಅಡ್ಡಪಟ್ಟಿ ಅಂದರೆ ಫ್ರೆಟ್ ಇರುವ ಹಲಗೆ) ಅಂಚಿಗೆ ಸರಿದು ಹೋಗುತ್ತವೆ.

ಮೊದಲು ನೋಡಿ, ಪೂರ್ತಿ ಬ್ರಿಡ್ಜೇ ಹಾಳಾಗಿದೆಯಾ, ಇಲ್ಲ ತಂತಿ ಕೂರುವ ಸ್ಯಾಡಲ್ ಮಾತ್ರವಾ? ನಮ್ಮ ಮಳೆಗೆ ಮೊದಲು ಕಚ್ಚಿಕೊಳ್ಳುವುದು ಸ್ಯಾಡಲಿನ ಎತ್ತರ ಸರಿಮಾಡುವ ಪುಟಾಣಿ ಸ್ಕ್ರೂಗಳು. ಗುಂಡುಸೂಜಿಯ ತುದಿಯಲ್ಲಿ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಇಡಿ, ಮರಕ್ಕೆ ತಾಗದ ಹಾಗೆ ಬಟ್ಟೆ ಹಾಸಿಕೊಳ್ಳಿ. ಕೆಲವಕ್ಕೆ 1.5 ಮಿಲಿಮೀಟರ್ ಅಲೆನ್ ಕೀ (ಆರು ಮೂಲೆಯ ಕೀಲಿ) ಬೇಕು, ಕೆಲವಕ್ಕೆ 1.27. ಸಡಿಲವಾದ ಕೀ ಹಾಕಿ ತಿರುಗಿಸಿದಿರೋ, ಒಳಗಿನ ಮೂಲೆಗಳು ಸವೆದು ಮತ್ತೆ ಹಿಡಿತವೇ ಸಿಗಲ್ಲ. ಸ್ಯಾಡಲ್ ಅಷ್ಟೇ ಕೆಟ್ಟಿದ್ದರೆ ಆರು ಸ್ಯಾಡಲ್ ತರಿಸಿ, ಕೆಲಸ ಮುಗಿಯಿತು.

ಬ್ರಿಡ್ಜೇ ಬದಲಿಸಬೇಕು ಅಂದರೆ ಕೊಳ್ಳುವ ಮೊದಲು ಅಳೆಯಿರಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಸುಮ್ನೆ ಫೋಟೋ ನೋಡಿ ನಾನು ತರಿಸಿದ ಒಂದು ಬ್ರಿಡ್ಜ್ ಈಗ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ! 1954ರ ಮೂಲ ಸ್ಟ್ರಾಟೊಕಾಸ್ಟರಿನಲ್ಲಿ ಬ್ರಿಡ್ಜ್ ತಗಡು ಆರು ಸ್ಕ್ರೂಗಳ ಮೇಲೆ ಕೂರುತ್ತದೆ, ಮೊದಲ ಸ್ಕ್ರೂವಿನ ನಡುವಿನಿಂದ ಕೊನೆಯದರ ನಡುವಿಗೆ ಸುಮಾರು 56 ಮಿಲಿಮೀಟರ್. ಕಡಿಮೆ ಬೆಲೆಯ ಎಷ್ಟೋ ಗಿಟಾರಿನಲ್ಲಿ ಅದು 52.5ರ ಆಸುಪಾಸು. ಇನ್ನು ಕೆಲವು ಎರಡೇ ಕಂಬದ ಮೇಲೆ ನಿಲ್ಲುತ್ತವೆ, ಆರು ಸ್ಕ್ರೂ ಇರುವ ಕಡೆ ಅವು ಬೇಡ. ತಗಡಿನ ಕೆಳಗೆ ಇಳಿಯುವ ಲೋಹದ ದಿಮ್ಮಿಯ ಆಳವನ್ನೂ ನೋಡಿ, ತೆಳು ದೇಹದ ಗಿಟಾರಿಗೆ ಪೂರ್ತಿ ಅಳತೆಯದು ಹಾಕಿದರೆ ಹಿಂದುಗಡೆ ಚಾಚಿಕೊಳ್ಳುತ್ತದೆ.

ಅಳತೆ ಕೂಡಿದರೆ ಮುಂದಿನದು ಒಂದು ಮಧ್ಯಾಹ್ನದ ಕೆಲಸ. ತಂತಿಗಳನ್ನು ಪೂರ್ತಿ ಸಡಿಲಿಸಿ ತೆಗೆಯಿರಿ, ಆಮೇಲೆ ಗಿಟಾರಿನ ಬೆನ್ನಿನಲ್ಲಿ ಬ್ರಿಡ್ಜನ್ನು ಎಳೆದು ಹಿಡಿದಿರುವ ಸ್ಪ್ರಿಂಗ್‌ಗಳನ್ನು ಕಳಚಿ. ಸ್ಪ್ರಿಂಗ್ ಸಿಕ್ಕಿಸಿರುವ ಕೊಕ್ಕೆಪಟ್ಟಿಗೆ ಬೆಸೆದ ಒಂದು ವೈರ್ ಇರುತ್ತದೆ, ಅದನ್ನು ಕೀಳಬೇಡಿ, ಕಿತ್ತರೆ ಆಂಪ್ಲಿಫೈಯರಿನಲ್ಲಿ ಗುಂಯ್ ಅನ್ನುವ ಸದ್ದು ಜಾಸ್ತಿಯಾಗುತ್ತದೆ. ಹೊಸ ತಗಡು ಕೂರಿಸುವಾಗ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. ಬೆರಳಿಗೆ ‘ಟಕ್’ ಅಂತ ಸಣ್ಣಗೆ ಇಳಿದಂತಾಗುತ್ತದೆ, ತೂತಿನೊಳಗೆ ಸ್ಕ್ರೂ ಕೊರೆದಿದ್ದ ಹಳೇ ಎಳೆ ಸಿಕ್ಕಿತು ಅಂತ ಅರ್ಥ. ಆಮೇಲೆ ಮುಂದಕ್ಕೆ. ಆಗ ಮರದಲ್ಲಿ ಎರಡನೇ ಎಳೆ ಕೊರೆಯುವುದಿಲ್ಲ. ಡ್ರಿಲ್ ಮಿಷನ್ ಹತ್ತಿರಕ್ಕೂ ಬರಬಾರದು, ಕೈ ಸ್ಕ್ರೂಡ್ರೈವರ್ ಸಾಕು. ಬ್ರಿಡ್ಜ್ ಅಲ್ಲಾಡಲು ಜಾಗ ಬೇಕು, ಆದ್ದರಿಂದ ಸ್ಕ್ರೂ ಬಿಗಿದು ಕೂರಿಸಬೇಡಿ.

ಸ್ಪ್ರಿಂಗ್, ತಂತಿ ಮತ್ತೆ ಹಾಕಿ ಶ್ರುತಿ ಮಾಡಿ, ಹನ್ನೆರಡನೇ ಫ್ರೆಟ್ಟಿನಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ, ಬೆರಳು ತಾಗಿಸಿ ಹೊರಡಿಸುವ ಸ್ವರ) ನುಡಿಸಿ, ಅಲ್ಲೇ ಒತ್ತಿಯೂ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಅಂದರೆ ಫ್ರೆಟ್ ಬೋರ್ಡಿನಿಂದ ದೂರಕ್ಕೆ, ಇಳಿದಿದ್ದರೆ ಮುಂದಕ್ಕೆ. ತುಕ್ಕು ಹಿಡಿದ ಹಳೇ ಬ್ರಿಡ್ಜನ್ನು ಎಸೆಯಬೇಡಿ. ಸ್ಕ್ರೂ, ಸ್ಪ್ರಿಂಗ್ ಸಮೇತ ಡಬ್ಬಿಯೊಂದರಲ್ಲಿ ಹಾಕಿಡಿ. ಚಿಕ್ಕಪ್ಪ ಯಾವತ್ತಾದರೂ ‘ಹಳೇದೇ ಹಾಕಿಕೊಡು’ ಅಂದರೆ ಬೇಕಾಗುತ್ತದೆ. ಮತ್ತೆ ಗಿಟಾರನ್ನು ಅಟ್ಟಕ್ಕೆ ಮಾತ್ರ ಹತ್ತಿಸಬೇಡಿ!