ಕಥಾನಾಯಕ ಮತ್ತು ಮುಖ್ಯಪಾತ್ರ ಎರಡೂ ಒಂದೇ ಅಲ್ಲವೇ?

ಬಹುಪಾಲು ಕಥೆಗಳಲ್ಲಿ ಇಬ್ಬರೂ ಒಬ್ಬರೇ ಆಗಿರುವುದರಿಂದ ಈ ಗೊಂದಲ ಸಹಜ. ಯಾರ ಗುರಿ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆಯೋ ಅವನು ಕಥಾನಾಯಕ. ಯಾರ ಅಂತರಂಗದೊಡನೆ ನಾವು ಹೆಚ್ಚು ಹೊತ್ತು ಇರುತ್ತೇವೆಯೋ ಅದು ಮುಖ್ಯಪಾತ್ರ.

ರನ್ನನ ‘ಗದಾಯುದ್ಧ’ವನ್ನೇ ನೋಡಿ. ಅದರ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’. ಪ್ರತಿಜ್ಞೆ ಭೀಮನದು, ಗೆಲುವೂ ಅವನದೇ, ಕವಿ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಸಮೀಕರಿಸಿದ್ದೂ ಅವನೊಡನೆಯೇ. ಆದರೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ದುಶ್ಶಾಸನ, ಕರ್ಣರಿಗಾಗಿ ಮರುಗುವ, ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುವ, ಕೊನೆಗೆ ಭೀಮನ ಗರ್ಜನೆ ಕೇಳಿ ವೈಶಂಪಾಯನ ಸರೋವರದ ನೀರೊಳಗಿದ್ದೂ ಬೆವರುವ ದುರ್ಯೋಧನನೇ ನಮ್ಮ ಮನಸ್ಸನ್ನು ತುಂಬುತ್ತಾನೆ. ಈ ಕಾವ್ಯದ ನಾಯಕ ಯಾರೆಂಬ ವಿಮರ್ಶಕರ ಹಳೆಯ ಚರ್ಚೆ, ನನ್ನ ಮಟ್ಟಿಗೆ, ಈ ಎರಡು ಪದಗಳನ್ನು ಬೇರ್ಪಡಿಸಿಕೊಂಡರೆ ಬಹುಮಟ್ಟಿಗೆ ಬಗೆಹರಿಯುತ್ತದೆ.